ನಲವತ್ತು ಸಾವಿರದ ಡ್ರೋನ್ ಮುಂದೆ 68 ಟನ್ ಟ್ಯಾಂಕ್ ಯಾಕೆ ಬೇಕು?

ರಾಜಾಜಿನಗರ_ರಾಕೆಟ್:
ಉಕ್ರೇನ್ ಕಡೆಯ ವಿಡಿಯೋ ನೋಡ್ತಾ ಇರೋರಿಗೆ ಇದು ಹೊಸದಲ್ಲ. ನಾಲ್ಕೈದು ನೂರು ಡಾಲರಿನ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾ ಚಿತ್ರ ನೋಡ್ತಾ ದೂರದಿಂದ ಹಾರಿಸೋದು), ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ನಲವತ್ತು ಸಾವಿರ, ಕೋಟಿಗಟ್ಟಲೆ ಬೆಲೆಯ ಟ್ಯಾಂಕಿಗೆ ಬಂದು ಗುದ್ದುತ್ತೆ, ಟರೆಟ್, ಅಂದ್ರೆ ಫಿರಂಗಿ ಇರೋ ಮೇಲಿನ ತಿರುಗೋ ಗೂಡು, ಹಾರಿ ಬೀಳುತ್ತೆ. ಈ ಕಡೆ ನೋಡಿದ್ರೆ 2021ರಲ್ಲಿ ಆವಡಿ ಕಾರ್ಖಾನೆಗೆ ನಮ್ಮದೇ ವಿನ್ಯಾಸದ 118 ಅರ್ಜುನ್ ಮಾರ್ಕ್-1ಎ ಟ್ಯಾಂಕ್ ಆರ್ಡರ್ ಆಗಿದೆ, 354 ಹಗುರ ಟ್ಯಾಂಕ್ ತಗೊಳ್ಳೋ ಯೋಜನೆ ಇದೆ, ರಷ್ಯಾ ಮೂಲದ ಹಳೇ ಟಿ-72 ಜಾಗಕ್ಕೆ 1,770 ಹೊಸ ವಾಹನಗಳ ಮಾತು ನಡೀತಿದೆ.

ಟರೆಟ್ ಹಾರೋದು ಅಲ್ಲಿನ ಟ್ಯಾಂಕಲ್ಲಿ ಮಾತ್ರಾನಾ, ನಮ್ಮ ಟಿ-90ಗೂ ಅದೇ ಗತಿನಾ? 68 ಟನ್ ಅರ್ಜುನ್ ನಮ್ಮ ಸೇತುವೆ ಮೇಲೆ ಹೋಗುತ್ತಾ? ಈ ದುಡ್ಡನ್ನೆಲ್ಲ ಡ್ರೋನಿಗೆ, ಕ್ಷಿಪಣಿಗೆ ಹಾಕಿದ್ರೆ ತಪ್ಪೇನು? ಗೊತ್ತಿರೋರು ಅಂಕಿ ಸಮೇತ ಹೇಳಿ. ಟಿವಿ ಚರ್ಚೆ ಥರ ಕೂಗಾಟ ಬೇಡ.

ಮಲ್ಲೇಶ್ವರಂ_ಎಂಟನೇ_ಕ್ರಾಸ್:
ಟ್ಯಾಂಕ್ ಕಾಲ ಮುಗೀತು ಅಂತ 1973ರಲ್ಲೂ ಬರೆದಿದ್ರು. ಸಿನಾಯ್‌ನಲ್ಲಿ ಈಜಿಪ್ಟ್ ಪದಾತಿ ಸೈನಿಕರು ಪೆಟ್ಟಿಗೆಯಲ್ಲಿ ಹೊತ್ತು ತಂದ ಮಲ್ಯುಟ್ಕಾ ಕ್ಷಿಪಣಿಗೆ ಇಸ್ರೇಲಿನ ಟ್ಯಾಂಕುಗಳು ಸಾಲಾಗಿ ಬಿದ್ದವು. ಕೆಲವೇ ದಿನದಲ್ಲಿ ಇಸ್ರೇಲ್ ರೀತಿ ಬದಲಾಯಿಸಿತು: ಜೊತೆಗೆ ಪದಾತಿ, ಫಿರಂಗಿ, ಹೊಗೆ. ಟ್ಯಾಂಕ್ ಒಂಟಿಯಾಗಿ ಹೋದಾಗ ಸಾಯುತ್ತೆ, ಅದು ಆವತ್ತೂ ನಿಜ, ಇವತ್ತೂ ನಿಜ.

ಕೋರಮಂಗಲ_ಕ್ವಾಡ್:
ಆ ಹೋಲಿಕೆ ಪೂರ್ತಿ ಸರಿ ಹೊಂದಲ್ಲ ಸಾರ್. ಮಲ್ಯುಟ್ಕಾ ಹಾರಿಸೋನು ಮೂರು ಕಿಲೋಮೀಟರ್ ಒಳಗೆ ಇರಬೇಕಿತ್ತು, ಗುರಿ ಕಣ್ಣಿಗೆ ಕಾಣಬೇಕಿತ್ತು, ಕೊನೇವರೆಗೂ ಜಾಯ್‌ಸ್ಟಿಕ್ ಹಿಡಿದಿರಬೇಕಿತ್ತು. ಅವನ ಮೇಲೆ ಗುಂಡು ಸುರಿಸಿದ್ರೆ ಕೈ ನಡುಗಿ ಗುರಿ ತಪ್ಪುತ್ತಿತ್ತು. ಎಫ್‌ಪಿವಿ ಹಾರಿಸೋನು ಹತ್ತು ಕಿಲೋಮೀಟರ್ ಹಿಂದೆ ನೆಲಮಾಳಿಗೆಯಲ್ಲಿ ಕೂತಿರ್ತಾನೆ. ಅವನನ್ನ ಹೊಡೆಯೋದು ಹೇಗೆ? ಅಮೆರಿಕ ಉಕ್ರೇನಿಗೆ ಕೊಟ್ಟ 31 ಅಬ್ರಾಮ್ಸ್ ಟ್ಯಾಂಕುಗಳನ್ನ 2024ರ ಏಪ್ರಿಲ್ ಹೊತ್ತಿಗೆ ಮುಂಚೂಣಿಯಿಂದ ಹಿಂದಕ್ಕೆ ಎಳ್ಕೊಂಡ್ರು. ಕಾರಣ ಡ್ರೋನೇ.

ಬಿಟಿಎಂ_ಬ್ಯಾಲಿಸ್ಟಿಕ್:
ಮೊದಲ ಪ್ರಶ್ನೆಗೆ ಬರ್ತೀನಿ. ಟಿ-72, ಟಿ-90 ಎರಡರಲ್ಲೂ ಮೂರೇ ಜನ, ಗುಂಡು ತುಂಬೋದು ಯಂತ್ರ. ಟರೆಟ್ ಅಡಿಯಲ್ಲಿ, ಹಲ್ (ಟ್ಯಾಂಕಿನ ಕೆಳಗಿನ ಮೈ) ತಳಕ್ಕೆ ಅಂಟಿಕೊಂಡ ಹಾಗೆ ತಿರುಗೋ ಕರೋಸೆಲ್ ಇದೆ, ಅದರಲ್ಲಿ 22 ಸುತ್ತು. 125 ಎಂಎಂ ಸುತ್ತು ಎರಡು ತುಂಡು. ಒಂದು ಹಾರಿಹೋಗೋ ಗುಂಡು, ಇನ್ನೊಂದು ಅದನ್ನ ತಳ್ಳೋ ಚಾರ್ಜ್. ಚಾರ್ಜಿನ ಕವಚ ಲೋಹದ್ದಲ್ಲ, ಅದೂ ಉರಿದುಹೋಗೋ ಪದಾರ್ಥ. ತಳದಲ್ಲಿ ಮಾತ್ರ ಗಿಡ್ಡ ಲೋಹದ ಬಟ್ಟಲು ಉಳಿಯುತ್ತೆ, ಅದು ಗುಂಡು ಹಾರಿದ ಮೇಲೆ ಹಿಂದಿನ ಕಿಂಡಿಯಿಂದ ಆಚೆ ಹೋಗುತ್ತೆ.

ಈಗ ಕವಚ ತೂರಿ ಬಂದ ಬಿಸಿ ಚೂರು ಒಂದು ಚಾರ್ಜಿಗೆ ತಗುಲಿತು ಅಂತಿಟ್ಕೊಳ್ಳಿ. ಅದು ಹೊತ್ತಿಕೊಂಡ್ರೆ ಪಕ್ಕದ್ದಕ್ಕೆ ಹಬ್ಬುತ್ತೆ. ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ ಅನಿಲಕ್ಕೆ ದಾರಿ ಇಲ್ಲ. ವಿಷಲ್ ಕಟ್ಟಿಹೋದ ಕುಕ್ಕರಿನ ಸ್ಥಿತಿ ಅದು. ಟರೆಟ್ ಕೂತಿರೋದು ಬೇರಿಂಗ್ ಉಂಗುರದ ಮೇಲೆ, ಹೆಚ್ಚಿನಂಶ ತನ್ನ ಭಾರದಿಂದಲೇ. ಹತ್ತು ಟನ್ನಿಗೂ ಮೀರಿದ ಆ ತೂಕ ಆಕಾಶಕ್ಕೆ ಹೋಗೋದು ಹೀಗೆ.

ಹೆಚ್ಚಿನವರು ಬಿಟ್ಟುಬಿಡೋ ಸಂಗತಿ ಒಂದಿದೆ. ಕರೋಸೆಲ್ ಕೆಳಗಿರೋದ್ರಿಂದ ಪಕ್ಕದಿಂದ ಬರೋ ಹೊಡೆತಕ್ಕೆ ಅಷ್ಟು ಸುಲಭವಾಗಿ ಸಿಗಲ್ಲ. ಅದಕ್ಕಿಂತ ಅಪಾಯ ಉಳಿದ ಇಪ್ಪತ್ತರಷ್ಟು ಸುತ್ತುಗಳದ್ದು. ಅವನ್ನ ಹಲ್‌ನ ಮೂಲೆಯಲ್ಲಿ, ಟರೆಟ್ ಗೋಡೆಗೆ, ಸಿಬ್ಬಂದಿಯ ಬೆನ್ನ ಹಿಂದೆ ಸಿಕ್ಕಿಸಿಡ್ತಾರೆ. ಅದಕ್ಕೇ ಈಗ ರಷ್ಯಾ, ಉಕ್ರೇನ್ ಎರಡೂ ಕಡೆಯವರು ಕರೋಸೆಲ್‌ನ 22ರಲ್ಲೇ ಹೊರಡೋದನ್ನ ರೂಢಿ ಮಾಡ್ಕೊಂಡಿದ್ದಾರೆ. ರಷ್ಯಾ ಟಿ-90ಎಂ ಮಾಡುವಾಗ ಹೆಚ್ಚುವರಿ ಸುತ್ತುಗಳ ಒಂದು ಪಾಲನ್ನ ಟರೆಟ್ ಹಿಂದಿನ ಪ್ರತ್ಯೇಕ ಪೆಟ್ಟಿಗೆಗೆ ಹಾಕಿದ್ದೂ ಇದೇ ಕಾರಣಕ್ಕೆ. ನಮ್ಮ ಟಿ-90ಎಸ್ ಹಳೇ ವಿನ್ಯಾಸದ್ದು, ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಅದೇ ಅಪಾಯ ಇಲ್ಲೂ ಇದೆ.

ವಿಜಯನಗರ_ವಿಜಯಂತ:
ಒಂದು ಸೇರಿಸಬೇಕು. ಟಿ-64, ಟಿ-80 ಇನ್ನೂ ಕೆಟ್ಟದು. ಅವುಗಳ ಕರೋಸೆಲ್‌ನಲ್ಲಿ 28 ಸುತ್ತು, ಚಾರ್ಜುಗಳು ಸುತ್ತಲೂ ನಿಂತಿರ್ತವೆ. ಟಿ-72ರಲ್ಲಿ ಮಲಗಿರ್ತವೆ. ನಿಂತಿದ್ರೆ ಪಕ್ಕದ ಹೊಡೆತಕ್ಕೆ ಗುರಿ ದೊಡ್ಡದಾಗುತ್ತೆ.

ಹಾಗಂತ ಇದನ್ನ ರಷ್ಯಾದ ಹಣೆಬರಹ ಅನ್ನೋದೂ ಸರಿಯಲ್ಲ. ಜರ್ಮನಿಯ ಲೆಪರ್ಡ್-2ರಲ್ಲಿ 15 ಸುತ್ತು ಟರೆಟ್ ಹಿಂದೆ ಬಾಗಿಲ ಆಚೆ ಇದ್ರೆ, 27 ಸುತ್ತು ಚಾಲಕನ ಪಕ್ಕದಲ್ಲಿ ಹಲ್ ಒಳಗೇ. ಅಲ್ಲಿಗೆ ಬಿದ್ರೆ ಅದೂ ಹಾಗೇ ಸಿಡಿಯುತ್ತೆ. 2016ರ ಡಿಸೆಂಬರಿನಲ್ಲಿ ಸಿರಿಯಾದ ಅಲ್-ಬಾಬ್ ಹತ್ತಿರ ತುರ್ಕಿಯ ಲೆಪರ್ಡ್-2ಎ4ಗಳಿಗೆ ಆದದ್ದು ಅದೇ. ಅಬ್ರಾಮ್ಸ್ ಇದನ್ನ ಬಹಳ ಗಂಭೀರವಾಗಿ ತಗೊಂಡಿದೆ: ಹೆಚ್ಚೂ ಕಮ್ಮಿ ಎಲ್ಲ ಸುತ್ತೂ ಟರೆಟ್ ಹಿಂದೆ, ನಡುವೆ ಉಕ್ಕಿನ ಜಾರು ಬಾಗಿಲು, ಮೇಲೆ ಬೇಕಂತಲೇ ದುರ್ಬಲವಾಗಿಟ್ಟ ಮುಚ್ಚಳ. ಹೊತ್ತಿಕೊಂಡ್ರೆ ಬೆಂಕಿ ಆಕಾಶಕ್ಕೆ ಹೋಗುತ್ತೆ, ಒಳಗಿನವರು ಬದುಕ್ತಾರೆ. ಬಾಗಿಲು ಮುಚ್ಚಿದ್ರೆ ಮಾತ್ರ. ಲೋಡರ್ ಬೇಗ ಬೇಗ ತುಂಬೋಕೆ ಅಂತ ಅದನ್ನ ತೆರೆದೇ ಬಿಟ್ರೆ ಈ ವ್ಯವಸ್ಥೆಯೆಲ್ಲ ವ್ಯರ್ಥ.

ಬಸವನಗುಡಿ_ಅಕ್ಕ:
ಅರ್ಜುನ್‌ನಲ್ಲಿ?

ವಿಜಯನಗರ_ವಿಜಯಂತ:
ನಾಲ್ಕು ಜನ ಅಕ್ಕ, ತುಂಬೋಕೆ ಮನುಷ್ಯನೇ. ಮಾರ್ಕ್-1ಎಯಲ್ಲಿ ಗುಂಡುಗಳಿಗೆ ಒಂದೊಂದಕ್ಕೂ ಬೇರೆ ಬಾಗಿಲಿರೋ ಪೆಟ್ಟಿಗೆ ಮಾಡಿದ್ದಾರೆ. ಒಂದು ತೆಗೆದಾಗ ಉಳಿದವು ಮುಚ್ಚಿರ್ತವೆ.

ಜಯನಗರ_ನಾಲ್ಕನೇ_ಬ್ಲಾಕ್:
ಡ್ರೋನಿಗೆ ಕಟ್ಟೋ ಆರ್‌ಪಿಜಿ ರಾಕೆಟ್ಟಿನ ಸಿಡಿತಲೆ ಕವಚವನ್ನ ಕರಗಿಸಿ ಒಳಗೆ ಹೋಗುತ್ತೆ ಅಂತಾರಲ್ಲ, ಅಷ್ಟು ಬಿಸಿ ಎಲ್ಲಿಂದ ಬರುತ್ತೆ?

ಬಿಟಿಎಂ_ಬ್ಯಾಲಿಸ್ಟಿಕ್:
ಕರಗಿಸಲ್ಲ. ಒಳಗೆ ತಾಮ್ರದ ಶಂಕು ಇರುತ್ತೆ. ಸ್ಫೋಟ ಅದನ್ನ ನಡುಗೆರೆಯ ಕಡೆಗೆ ಅದುಮಿ ಮುಂದಕ್ಕೆ ಚಿಮ್ಮಿಸುತ್ತೆ. ತುದಿಯ ವೇಗ ಸೆಕೆಂಡಿಗೆ 8ರಿಂದ 10 ಕಿಲೋಮೀಟರ್. ಆ ವೇಗದಲ್ಲಿ ಬಡಿದಾಗ ಒತ್ತಡ ಎಷ್ಟಿರುತ್ತೆ ಅಂದ್ರೆ ಉಕ್ಕಿನ ಬಲ ಲೆಕ್ಕಕ್ಕೇ ಬರಲ್ಲ, ತಾಮ್ರ ಅದನ್ನ ಪಕ್ಕಕ್ಕೆ ಸರಿಸಿ ದಾರಿ ಮಾಡ್ಕೊಂಡು ಹೋಗುತ್ತೆ. ಉಷ್ಣಕ್ಕಿಂತ ಒತ್ತಡದ ಕೆಲಸ ಇದು. ಚಿಮ್ಮುವ ತಾಮ್ರ ನೇರವಾಗಿ ಉದ್ದಕ್ಕೆ ಎಳೆದುಕೊಳ್ಳೋಕೆ ಜಾಗ ಬೇಕು. ಎಡವಟ್ಟಾದ ದೂರದಲ್ಲಿ ಸಿಡಿದ್ರೆ, ಓರೆಯಾಗಿ ಬಿದ್ರೆ, ಗಿರಗಿರ ತಿರುಗ್ತಾ ಇದ್ರೆ ಅದು ಚೆದುರಿ ಹೋಗುತ್ತೆ.

ಟ್ಯಾಂಕ್ ಫಿರಂಗಿಯ ಬಾಣದ ಗುಂಡಿನ ತತ್ವವೇ ಬೇರೆ. ಅದರಲ್ಲಿ ಮದ್ದೇ ಇಲ್ಲ. ಟಂಗ್‌ಸ್ಟನ್ ಅಥವಾ ಯುರೇನಿಯಮ್ಮಿನ ಉದ್ದನೆ ಸರಳು, ಬಾಲಕ್ಕೆ ರೆಕ್ಕೆ, ಸೆಕೆಂಡಿಗೆ 1,600ರಿಂದ 1,700 ಮೀಟರ್. ನಳಿಗೆಯ ಅಗಲ ತುಂಬೋಕೆ ಸುತ್ತ ಕಟ್ಟಿದ ಸೇಬೋ ಆಚೆ ಬಂದ ತಕ್ಷಣ ಕಳಚಿ ಬೀಳುತ್ತೆ.

ಕೆಂಗೇರಿ_ಉಪನಗರ:
ಇದಕ್ಕೇ ಅರ್ಜುನ್‌ಗೆ ಗೀರುಗಳಿರೋ 120 ಎಂಎಂ ನಳಿಗೆ ಇಟ್ಟಿದ್ದು ತಪ್ಪು ಅನ್ನೋದು ನನ್ನ ವಾದ. ಪ್ರಪಂಚ ಎಲ್ಲ ನುಣುಪು ನಳಿಗೆಗೆ ಹೋಗಿದೆ. ಗೀರು ಗುಂಡನ್ನ ತಿರುಗಿಸುತ್ತೆ. ಆ ತಿರುಗು ಬಾಣಕ್ಕೆ ಬೇಡ, ಅದನ್ನ ತಪ್ಪಿಸೋಕೆ ಸೇಬೋ ಮೇಲೆ ಜಾರೋ ಪಟ್ಟಿ ಹಾಕಬೇಕು. ನಾವು ಗೀರು ಉಳಿಸಿಕೊಂಡಿದ್ದು ಹೆಶ್ ಅನ್ನೋ ಒಂದೇ ಗುಂಡಿಗಾಗಿ. ಅದು ಗೋಡೆಗೆ ಅಪ್ಪಳಿಸಿ ಚಪ್ಪಟೆಯಾಗಿ ಆಮೇಲೆ ಸಿಡಿಯುತ್ತೆ, ಬಂಕರಿಗೆ ಬಹಳ ಒಳ್ಳೇದು, ಒಪ್ತೀನಿ. ಇವತ್ತಿನ ಪದರ ಕವಚದ ಟ್ಯಾಂಕಿಗೆ ಅದರಿಂದ ಏನೂ ಆಗಲ್ಲ. ಬ್ರಿಟಿಷರೇ ಚಾಲೆಂಜರ್-3ಕ್ಕೆ ನುಣುಪು ನಳಿಗೆ ಹಾಕ್ತಿದ್ದಾರೆ. ಮುಖ್ಯ ತೊಂದರೆ ಸರಬರಾಜು. ಸೇನೆಯ ಮೂರು ಸಾವಿರಕ್ಕೂ ಹೆಚ್ಚು ಟಿ-72, ಟಿ-90ಗಳಿಗೆ 125 ಎಂಎಂ, ಇನ್ನೂರ ಚಿಲ್ಲರೆ ಅರ್ಜುನ್‌ಗೆ ಮಾತ್ರ ಬೇರೆ ಗುಂಡು, ಬೇರೆ ಸಾಲು, ಬೇರೆ ಗೋದಾಮು.

ವಿಜಯನಗರ_ವಿಜಯಂತ:
ಸರಬರಾಜಿನ ಮಾತು ಒಪ್ಪಿದೆ. ಆದ್ರೆ ಗುರಿಯ ವಿಷಯದಲ್ಲಿ ಆ ನಳಿಗೆಗೆ ಒಳ್ಳೇ ಹೆಸರಿದೆ. ಪಂಜಾಬಿನಲ್ಲಿ ಟ್ಯಾಂಕ್ ಹೊಡೆಯೋದಕ್ಕಿಂತ ಕಾಲುವೆ ದಂಡೆಯ ಕಾಂಕ್ರೀಟ್ ಗೂಡು ಹೊಡೆಯೋ ಕೆಲಸವೇ ಜಾಸ್ತಿ ಬರುತ್ತೆ ಅನ್ನೋದನ್ನೂ ಗಮನಿಸಿ.

ಕೆಜಿಎಫ್_ಕಡೆಯವ:
ಎಲ್ರೂ ಡ್ರೋನ್ ಡ್ರೋನ್ ಅಂತೀರಾ, ನೆಲದಲ್ಲಿ ಹೂತ ಮೈನ್ ಬಗ್ಗೆ ಯಾರೂ ಎತ್ತಲಿಲ್ಲ. 2023ರ ಜೂನ್‌ನಲ್ಲಿ ಉಕ್ರೇನಿನ ಓರಿಖಿವ್ ದಕ್ಷಿಣಕ್ಕೆ ಲೆಪರ್ಡ್ ಟ್ಯಾಂಕು, ಪದಾತಿಯನ್ನ ಹೊತ್ತೊಯ್ಯೋ ಬ್ರಾಡ್ಲಿ ವಾಹನಗಳ ಗುಂಪು ಒಂದೇ ಹೊಲದಲ್ಲಿ ಸಿಕ್ಕಿಬಿದ್ದಿತಲ್ಲ, ಅವನ್ನ ಮೊದಲು ನಿಲ್ಲಿಸಿದ್ದು ಮೈನು. ನಿಂತ ಮೇಲೆ ಫಿರಂಗಿ, ಕೆಎ-52 ಹೆಲಿಕಾಪ್ಟರಿನ ಕ್ಷಿಪಣಿ, ಡ್ರೋನ್ ಎಲ್ಲ ಬಂದವು. ವಿಡಿಯೋದಲ್ಲಿ ಕಾಣೋದು ಕೊನೇ ಹೊಡೆತ. ಓಡ್ತಾ ಇರೋ ಟ್ಯಾಂಕಿಗೂ ಟ್ರ್ಯಾಕ್ ತುಂಡಾಗಿ ನಿಂತ ಟ್ಯಾಂಕಿಗೂ ಬಹಳ ವ್ಯತ್ಯಾಸ.

ಸೋವಿಯತ್ ಕಾಲದ ಟಿಎಂ-62 ಮೈನಿನಲ್ಲಿ ಏಳು ಕಿಲೋಗೂ ಮೀರಿ ಮದ್ದು. ಟ್ರ್ಯಾಕ್, ಒಂದೆರಡು ಚಕ್ರ ಹೋಗುತ್ತೆ, ಒಳಗಿನವರು ಸಾಮಾನ್ಯವಾಗಿ ಬದುಕ್ತಾರೆ. ಶಾಂತ ಜಾಗದಲ್ಲಾದ್ರೆ ಕೆಲವು ಗಂಟೆಯಲ್ಲಿ ಹೊಸ ಕೊಂಡಿ ಹಾಕಿ ಎದ್ದು ಹೋಗ್ಬೋದು. ಫಿರಂಗಿ ವ್ಯಾಪ್ತಿಯೊಳಗೆ ಆ ಗಂಟೆಗಳು ಸಿಗಲ್ಲ. ಎಳೆದುಕೊಂಡು ಹೋಗೋಕೆ ಬರೋ ರಿಕವರಿ ವಾಹನವೇ ಮುಂದಿನ ಗುರಿ ಆಗುತ್ತೆ.

ನಮ್ಮಲ್ಲಿ ಟಿ-90ಗೆ ಮುಂದೆ ಕಟ್ಟೋ 1,512 ಮೈನ್ ನೇಗಿಲಿಗೆ 2020ರ ಜುಲೈನಲ್ಲಿ ಬೆಂಗಳೂರಿನ ಬಿಇಎಂಎಲ್‌ಗೆ 557 ಕೋಟಿ ರೂಪಾಯಿ ಆರ್ಡರ್ ಬಂತು. ರಿಕವರಿ ವಾಹನ ಕೆಜಿಎಫ್ ಕಾರ್ಖಾನೆಯದ್ದು. ಟ್ಯಾಂಕ್ ಎಷ್ಟಿದೆ ಅಂತ ಎಲ್ರೂ ಎಣಿಸ್ತಾರೆ, ನೇಗಿಲು ಎಷ್ಟಿದೆ ಅಂತ ಎಣಿಸೋರು ಕಮ್ಮಿ. ನನ್ನ ಮಟ್ಟಿಗೆ ಎರಡನೇ ಸಂಖ್ಯೆಯೇ ಮುಖ್ಯ.

ರಾಜಾಜಿನಗರ_ರಾಕೆಟ್:
ನೇಗಿಲು ಕಟ್ಟಿದ್ರೆ ಮೈನ್ ಹೊಲ ದಾಟ್ಬೋದಾ ಹಾಗಾದ್ರೆ?

ಕೆಜಿಎಫ್_ಕಡೆಯವ:
ದಾಟ್ಬೋದು, ಆದ್ರೆ ಎಲ್ಲ ಮಿತಿಯೊಳಗೆ. ನೇಗಿಲಿನ ಹಲ್ಲು ಮಣ್ಣೊಳಗೆ ಇಳಿದು ಮೈನನ್ನ ಎತ್ತಿ ಪಕ್ಕಕ್ಕೆ ಉರುಳಿಸುತ್ತೆ. ಅದೂ ಎರಡು ಟ್ರ್ಯಾಕಿನ ಮುಂದೆ ಮಾತ್ರ, ನಡುವಿನ ಪಟ್ಟಿ ಹಾಗೇ ಉಳಿಯುತ್ತೆ. ಹೊಟ್ಟೆ ಕೆಳಗೆ ಸಿಡಿಯೋ ಕಡ್ಡಿ ಮೈನ್ ಇದ್ರೆ ಅಂತ ಎರಡು ನೇಗಿಲಿನ ನಡುವೆ ಸರಪಳಿ ಇಳಿಬಿಡ್ತಾರೆ, ಅದು ಕಡ್ಡಿಯನ್ನ ಮೊದಲೇ ಬಾಗಿಸಿ ಸಿಡಿಸುತ್ತೆ. ವೇಗ ಮನುಷ್ಯ ಓಡೋ ಮಟ್ಟಕ್ಕೆ ಇಳಿಯುತ್ತೆ. ಕಲ್ಲು ನೆಲ, ಹೆಪ್ಪುಗಟ್ಟಿದ ನೆಲ ಸಿಕ್ಕಿದ್ರೆ ಹಲ್ಲು ಇಳಿಯೋದೇ ಇಲ್ಲ, ಮೇಲೆ ಜಾರಿಕೊಂಡು ಹೋಗುತ್ತೆ, ಮೈನ್ ಅಲ್ಲೇ ಉಳಿಯುತ್ತೆ. ರಾಜಸ್ಥಾನದ ಮರಳಿಗೂ ಪಂಜಾಬಿನ ಮಣ್ಣಿಗೂ ಸರಿ, ಲಡಾಖಿನ ಕಲ್ಲಿಗೆ ಕಷ್ಟ.

ಇನ್ನೊಂದು ದಾರಿ ರೋಲರ್: ಭಾರದ ಚಕ್ರ ತಳ್ಳಿಕೊಂಡು ಹೋಗಿ ಮೈನನ್ನ ಬೇಕಂತಲೇ ಸಿಡಿಸೋದು. ಕೆಲವು ಸ್ಫೋಟ ತಡೆಯುತ್ತೆ, ಆಮೇಲೆ ಚಕ್ರ ಬದಲಿಸಬೇಕು. ಮೊದಲ ತುಳಿತಕ್ಕೆ ಸುಮ್ಮನಿದ್ದು ಎರಡನೇದಕ್ಕೆ ಸಿಡಿಯೋ ಫ್ಯೂಸ್ ಇದ್ರೆ ರೋಲರ್ ದಾಟುತ್ತೆ, ಟ್ಯಾಂಕ್ ಸಿಕ್ಕಿಬೀಳುತ್ತೆ. ರೋಲರ್ ಮೈನ್ ಹೊಲ ಎಲ್ಲಿ ಶುರುವಾಗುತ್ತೆ ಅಂತ ಕಂಡುಹಿಡಿಯೋಕೆ, ನೇಗಿಲು ದಾರಿ ಮಾಡೋಕೆ. ಎರಡೂ ಬೇಕು. ಹಿಂದೆ ಬರೋರು ತೆರೆದ ದಾರಿಯಿಂದ ಒಂದಡಿ ಆಚೆ ಹೋಗಬಾರದು. ಕತ್ತಲಲ್ಲಿ, ಹೊಗೆಯಲ್ಲಿ ತಪ್ಪೋದು ಅಲ್ಲೇ.

ಕೋರಮಂಗಲ_ಕ್ವಾಡ್:
ಮೈನ್ ಕಥೆ ಸರಿ. ಆದ್ರೆ ಈಗ ದಾರಿ ತೆರೆಯೋಕೆ ಮುಂಚೆಯೇ, ಐದಾರು ಕಿಲೋಮೀಟರ್ ಹಿಂದೆಯೇ ಡ್ರೋನ್ ಬಂದು ಹೊಡೆಯುತ್ತಲ್ಲ? ಎರಡೂ ಕಡೆ ಟ್ಯಾಂಕುಗಳು ಮರದ ಸಾಲಿನ ಹಿಂದೆ ಅವಿತು ಫಿರಂಗಿ ಥರ ಮೇಲಕ್ಕೆ ಹಾರಿಸ್ತಿವೆ. ಅದಕ್ಕೆ 46 ಟನ್ ಕವಚ ಯಾಕೆ ಬೇಕು?

ಸಿ.ವಿ.ರಾಮನ್_ನಗರ:
ಡ್ರೋನಿನ ಮಿತಿಯನ್ನೂ ಹೇಳಬೇಕು. ಮಾಮೂಲಿ ಎಫ್‌ಪಿವಿ ರೇಡಿಯೋ ಮೇಲೆ ಓಡುತ್ತೆ: ಆಜ್ಞೆಗೆ ಒಂದು ಬ್ಯಾಂಡ್, ಚಿತ್ರಕ್ಕೆ ಇನ್ನೊಂದು. ಚಿತ್ರ ಹೆಚ್ಚಾಗಿ 5.8 ಗಿಗಾಹರ್ಟ್ಸ್, ಅದು ನೇರ ದೃಷ್ಟಿಯ ಅಲೆ. ಡ್ರೋನ್ ಗುರಿಯ ಕಡೆ ಕೆಳಗಿಳಿದಂತೆ ಮರ, ದಿಣ್ಣೆ ಅಡ್ಡ ಬಂದು ಕೊನೇ ಕೆಲವು ಸೆಕೆಂಡು ಚಿತ್ರ ಕೆಡುತ್ತೆ. ಜ್ಯಾಮರ್ ಇದ್ರೆ ಇನ್ನೂ ಮೊದಲೇ. ಮಳೆ, ಜೋರು ಗಾಳಿ, ಮಂಜು ಎಲ್ಲ ಅಡ್ಡಿ. ರಾತ್ರಿಗೆ ಥರ್ಮಲ್ ಕ್ಯಾಮೆರಾ ಹಾಕಿದ್ರೆ ನಿಮ್ಮ ನಲವತ್ತು ಸಾವಿರದ ಲೆಕ್ಕ ಉಳಿಯಲ್ಲ. ಒಂದೇ ಡ್ರೋನಿಗೆ ಟ್ಯಾಂಕ್ ಸುಡೋದು ಅಪರೂಪ. ಮೊದಲದ್ದು ನಿಲ್ಲಿಸುತ್ತೆ, ಆಮೇಲಿನವು ಮುಗಿಸುತ್ತೆ.

2024ರಿಂದ ಜ್ಯಾಮರಿಗೆ ಉತ್ತರವೂ ಬಂದಿದೆ. ಆಪ್ಟಿಕಲ್ ಫೈಬರ್ ದಾರ ಬಿಚ್ಚಿಕೊಂಡು ಹೋಗೋ ಡ್ರೋನ್. ಹತ್ತು ಕಿಲೋಮೀಟರಿಗೂ ಮೀರಿದ ಸುರುಳಿ, ರೇಡಿಯೋ ಇಲ್ಲ, ಜ್ಯಾಮ್ ಆಗೋದೂ ಇಲ್ಲ. ಆದ್ರೆ ಸುರುಳಿಯ ತೂಕದಿಂದ ನಿಧಾನ, ಹೊರೋ ಭಾರ ಕಮ್ಮಿ, ದಾರ ಮರಕ್ಕೆ ಸಿಕ್ಕಿದ್ರೆ ಮುಗೀತು. ರಸ್ತೆಯುದ್ದಕ್ಕೂ ಕಂಬ ನೆಟ್ಟು ಬಲೆ ಹಾಸಿದ್ದು ಇದಕ್ಕೇ.

ಪೀಣ್ಯ_ಎರಡನೇ_ಹಂತ:
ಟ್ಯಾಂಕ್ ಮೇಲೆ ಕಬ್ಬಿಣದ ಪಂಜರ ಬೆಸೆಯೋದು ಕೆಲಸ ಮಾಡುತ್ತಾ?

ಸಿ.ವಿ.ರಾಮನ್_ನಗರ:
ಅರ್ಧಂಬರ್ಧ. ಸಿಡಿತಲೆ ದೂರದಲ್ಲೇ ಸಿಡಿದ್ರೆ ಚಿಮ್ಮುವ ತಾಮ್ರ ಸ್ವಲ್ಪ ಚೆದುರುತ್ತೆ, ಅಥವಾ ಸರಳಿಗೆ ಸಿಕ್ಕಿ ಫ್ಯೂಸ್ ಕೆಟ್ಟು ಸಿಡಿಯದೇ ಹೋಗ್ಬೋದು. ಆದ್ರೆ ಕಾರ್ಖಾನೆಯ ಲೆಕ್ಕ ಇಲ್ಲದೆ ಬೆಸೆದ್ರೆ ಟರೆಟ್ ತಿರುಗಲ್ಲ, ಮುಚ್ಚಳ ತೆಗೆಯೋಕೆ ಆಗಲ್ಲ, ಬೆಂಕಿ ಬಿದ್ರೆ ಒಳಗಿನವರು ಆಚೆ ಬರೋದೇ ಕಷ್ಟ. 2024ರಲ್ಲಿ ರಷ್ಯಾದವರು ಟ್ಯಾಂಕನ್ನ ಪೂರ್ತಿ ತಗಡಿನ ಗೂಡೊಳಗೆ ಹಾಕಿದ್ರು. ಮುಂದೆ ಬಿಟ್ಟು ಎಲ್ಲೂ ಕಾಣಲ್ಲ, ಫಿರಂಗಿ ಸ್ವಲ್ಪವೇ ತಿರುಗುತ್ತೆ. ಆದ್ರೂ ಅದನ್ನ ಬಳಸಿದ್ದು ಮುಂದೆ ಹೋಗಿ ಮೈನ್ ತೆಗೆಯೋಕೆ, ಹಿಂದೆ ಪದಾತಿಗೆ ದಾರಿ ಮಾಡೋಕೆ. ಅಂದ್ರೆ ನೀವು ಕೇಳಿದ ಕವಚದ ಕೆಲಸ ಇನ್ನೂ ಮುಗಿದಿಲ್ಲ ಕೋರಮಂಗಲದವರೇ. ಡ್ರೋನ್ ಊರು ಹಿಡಿಯಲ್ಲ. ಮನುಷ್ಯ ಹೋಗಬೇಕು, ಅವನು ಚೂರುಗಳ ಮಳೆಯಲ್ಲಿ ಜೀಪಿನಲ್ಲಿ ಹೋಗೋಕಾಗಲ್ಲ.

ಮಲ್ಲೇಶ್ವರಂ_ಎಂಟನೇ_ಕ್ರಾಸ್:
ಬರ್ತಿರೋ ರಾಕೆಟ್ಟನ್ನ ಟ್ಯಾಂಕಿನಿಂದಲೇ ಹೊಡೆದುಹಾಕೋ ಇಸ್ರೇಲಿನ ಟ್ರೋಫಿ ಥರದ್ದು ಹಾಕಿದ್ರೆ ಆಯ್ತಲ್ಲ? 2011ರಿಂದ ನಿಜವಾದ ಕಾಳಗದಲ್ಲಿ ರಾಕೆಟ್ ತಡೀತಾ ಇದೆ.

ಸಿ.ವಿ.ರಾಮನ್_ನಗರ:
ಟ್ರೋಫಿಯ ನಾಲ್ಕು ಚಪ್ಪಟೆ ರೇಡಾರು ಮುಖ್ಯವಾಗಿ ಪಕ್ಕದಿಂದ, ವೇಗವಾಗಿ ಬರೋ ರಾಕೆಟ್ಟಿಗೆ ಅಂತ ಹೊಂದಿಸಿದ್ದು. ನಿಧಾನವಾಗಿ ಮೇಲಿಂದ ಇಳಿಯೋ ಸಣ್ಣ ಡ್ರೋನು ಹಕ್ಕಿಯ ವೇಗದ್ದು. ಹಕ್ಕಿಯನ್ನೆಲ್ಲ ಹೊಡೀತಾ ಕೂತ್ರೆ ಮದ್ದು ಖಾಲಿ. ಸಾಫ್ಟ್‌ವೇರ್ ಬದಲಿಸ್ತಾ ಇದ್ದಾರೆ. ಇನ್ನೊಂದು, ಅದು ಸಿಡಿದಾಗ ಪಕ್ಕದಲ್ಲಿ ನಡೆಯೋ ನಮ್ಮ ಸೈನಿಕರಿಗೂ ಅಪಾಯ. ವಿದ್ಯುತ್ತು, ತೂಕ, ಬೆಲೆ ಎಲ್ಲ ಸೇರಿಸಿ ನೋಡಿದ್ರೆ ಟಿ-72ಗೆ ಹಾಕೋದಕ್ಕಿಂತ ಹೊಸ ಟ್ಯಾಂಕಿಗೆ ಮೊದಲಿಂದ್ಲೇ ಜಾಗ ಬಿಡೋದು ಒಳ್ಳೇದು.

ಬಸವನಗುಡಿ_ಅಕ್ಕ:
ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ, ಸೇತುವೆ ಲೆಕ್ಕ ನನ್ನ ಕೆಲಸ. ನಮ್ಮ ರಸ್ತೆ ಸೇತುವೆಗಳ ಸಂಹಿತೆಯಲ್ಲೇ ಟ್ಯಾಂಕ್ ಇದೆ! ಐಆರ್‌ಸಿ-6ರಲ್ಲಿ ಕ್ಲಾಸ್ 70ಆರ್ ಅನ್ನೋ ಭಾರ: 70 ಟನ್ನಿನ ಟ್ರ್ಯಾಕ್ ವಾಹನ, ಟ್ರ್ಯಾಕ್ ನೆಲಕ್ಕೆ ತಾಗೋ ಉದ್ದ 4.57 ಮೀಟರ್, ಒಂದೊಂದರ ಅಗಲ 84 ಸೆಂಟಿಮೀಟರ್. ಒಂದರ ಹಿಂದೆ ಇನ್ನೊಂದು ಬಂದ್ರೆ ನಡುವೆ 90 ಮೀಟರ್ ಇರಬೇಕು. ಹೆಬ್ಬಾಳ ಮೇಲ್ಸೇತುವೆಯಂಥದ್ದೂ, ಹೆದ್ದಾರಿ ಸೇತುವೆಗಳೂ ಈ ಭಾರಕ್ಕೆ ಲೆಕ್ಕ ಹಾಕೇ ಕಟ್ಟೋದು. 68 ಟನ್ ಅರ್ಜುನ್ ಒಂಟಿಯಾಗಿ, ನಿಧಾನವಾಗಿ, ನಡುವಿನಲ್ಲಿ ಹೋದ್ರೆ ಅಂಥ ಸೇತುವೆ ತಡೀಬೇಕು.

ತೊಂದರೆ ಎಲ್ಲಿ ಅಂದ್ರೆ, ಒಂದು, ಹಳೇ ಕಾಲುವೆ ಸೇತುವೆ, ಹಳ್ಳಿ ರಸ್ತೆಯ ಮೋರಿ. ಅವು ಈ ಲೆಕ್ಕಕ್ಕೆ ಕಟ್ಟಿದ್ದಲ್ಲ. ಎರಡು, ಟ್ಯಾಂಕನ್ನ ಟ್ರೈಲರ್ ಮೇಲೆ ಸಾಗಿಸುವಾಗ ಎಳೆಯೋ ಲಾರಿ, ಟ್ರೈಲರ್ ಎಲ್ಲ ಸೇರಿ ನೂರು ಟನ್ ದಾಟುತ್ತೆ. ಆಗ ಅಚ್ಚುಗಳ ಮೇಲಿನ ಭಾರದ ಲೆಕ್ಕ ಬೇರೆಯೇ. ಮೂರು, ಯುದ್ಧದಲ್ಲಿ ಸೇತುವೆ ಉಳಿದಿರಲ್ಲ. ಸೇನೆಯ ಸರ್ವತ್ರ ಸೇತುವೆ 75 ಮೀಟರ್ ವರೆಗೆ, ತಲಾ 15 ಮೀಟರಿನ ಐದು ತುಂಡು, ತೂಕದ ದರ್ಜೆ 70. ಅರ್ಜುನ್ ಮಾರ್ಕ್-1ಎ ಅದರ ಅಂಚಿನಲ್ಲಿದೆ. ಮೇಲೆ ನೇಗಿಲು ಕಟ್ಟಿದ್ರೆ ಇನ್ನೂ ಇಕ್ಕಟ್ಟು.

ಕೆಂಗೇರಿ_ಉಪನಗರ:
ರೈಲನ್ನೂ ಸೇರಿಸಿ. ಬ್ರಾಡ್‌ಗೇಜ್ ವ್ಯಾಗನ್ನಿನ ಅಗಲದ ಮಿತಿ 3.25 ಮೀಟರ್. ಅರ್ಜುನ್ 3.86, ಟಿ-90ಯೂ ಮೂರೂಮುಕ್ಕಾಲು. ಎರಡೂ ಮಿತಿ ಮೀರಿದ ಸರಕೇ. ಪಕ್ಕದ ಹಳಿಯ ಗಾಡಿ ತಡೆದು, ವೇಗ ಕಮ್ಮಿ ಮಾಡಿ, ದಾರಿ ಮೊದಲೇ ಗೊತ್ತುಮಾಡಿ ಕಳಿಸಬೇಕು. ತೂಕ ಅರ್ಜುನ್‌ದೊಂದೇ ಸಮಸ್ಯೆ, ಅಗಲ ಎಲ್ಲರದ್ದೂ.

ಜಯನಗರ_ನಾಲ್ಕನೇ_ಬ್ಲಾಕ್:
ಅಷ್ಟು ತೂಕ ಮರಳಲ್ಲಿ ಹೂತು ಹೋಗಲ್ವಾ?

ವಿಜಯನಗರ_ವಿಜಯಂತ:
ಇಲ್ಲ. ಹೂತು ಹೋಗೋದನ್ನ ನಿರ್ಧರಿಸೋದು ತೂಕ ಅಲ್ಲ, ನೆಲದ ಮೇಲಿನ ಒತ್ತಡ. 58.5 ಟನ್ ಅರ್ಜುನ್ ಮಾರ್ಕ್-1 ಚದರ ಸೆಂಟಿಮೀಟರಿಗೆ ಸುಮಾರು 0.85 ಕಿಲೋ ಒತ್ತುತ್ತೆ, 46.5 ಟನ್ ಟಿ-90 ಸುಮಾರು 0.9. ಅರ್ಜುನ್ ಟ್ರ್ಯಾಕ್ ಅಗಲ, ಉದ್ದ ಎರಡೂ ಜಾಸ್ತಿ. ಮಾರ್ಕ್-1ಎ ತೂಕ ಏರಿದ ಮೇಲೆ ಆ ಲಾಭ ಕರಗಿದೆ. ಎಂಜಿನ್ ಅದೇ 1,400 ಅಶ್ವಶಕ್ತಿ ಉಳಿದಿರೋದ್ರಿಂದ ಟನ್ನಿಗೆ 24 ಇದ್ದದ್ದು 20ರ ಆಸುಪಾಸಿಗೆ ಇಳಿದಿದೆ. ಟಿ-90ದ್ದು ಇಪ್ಪತ್ತೊಂದೂವರೆ.

ಮೈಸೂರು_ರಸ್ತೆ:
ಅದಕ್ಕೇ 2024ರ ಮಾರ್ಚ್ 20ಕ್ಕೆ ಮೈಸೂರಿನ ಬಿಇಎಂಎಲ್‌ನಲ್ಲಿ 1,500 ಅಶ್ವಶಕ್ತಿಯ ಸ್ವದೇಶಿ ಎಂಜಿನ್ ಮೊದಲ ಸಲ ಹೊತ್ತಿಸಿದ್ದು. ಮೈನಸ್ 40ರಿಂದ 55 ಡಿಗ್ರಿ, 5,000 ಮೀಟರ್ ಎತ್ತರ, ಇದು ಗುರಿ. ಹೊತ್ತಿಸೋದು ಮೊದಲ ಮೆಟ್ಟಿಲು ಅಷ್ಟೇ. ಆಮೇಲೆ ಸಾವಿರಾರು ಗಂಟೆಯ ಓಟ, ಗೇರ್‌ಬಾಕ್ಸ್ ಜೊತೆ ಹೊಂದಾಣಿಕೆ, ಮರಳಿನ ಧೂಳಲ್ಲಿ ಗಾಳಿ ಸೋಸೋ ಪರೀಕ್ಷೆ. ಎಂಜಿನ್ ಸಿಕ್ಕಿ ಗೇರ್‌ಬಾಕ್ಸ್ ಸಿಗದಿದ್ರೆ ಮತ್ತೆ ಹೊರದೇಶದ ಬಾಗಿಲೇ ಗತಿ.

ಹಲಸೂರು_ಕೆರೆ_ದಂಡೆ:
ಲಡಾಖ್ ಬಗ್ಗೆ ಯಾರೂ ಬರೀಲಿಲ್ಲ. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 57. ಎಂಜಿನ್ನಿಗೆ ಉಸಿರು ಸಾಲಲ್ಲ, ಹೊಗೆ ಉಗುಳುತ್ತೆ, ಏರು ಹತ್ತುವಾಗ ಸೊರಗುತ್ತೆ. ಟಿ-72ದು 780 ಅಶ್ವಶಕ್ತಿಯ ಹಳೇ ಎಂಜಿನ್. ಅದನ್ನ 1,000ಕ್ಕೆ ಏರಿಸೋಕೆ 2025ರ ಮಾರ್ಚಲ್ಲಿ 24.8 ಕೋಟಿ ಡಾಲರ್ ಒಪ್ಪಂದ ಆಯ್ತು. ಇದರ ಜೊತೆ ಚಳಿ. ಮಾಮೂಲಿ ಡೀಸೆಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತೆ. ಮೈನಸ್ 33ರ ವರೆಗೂ ಹರಿಯೋ ಚಳಿಗಾಲದ ಡೀಸೆಲ್ಲನ್ನ ಇಂಡಿಯನ್ ಆಯಿಲ್ 2019ರಲ್ಲಿ ತಂದಿದ್ದು ಅದಕ್ಕೇ.

ಗುರಿಯ ಲೆಕ್ಕವೂ ಕೆಡುತ್ತೆ. ತೆಳು ಗಾಳಿಯಲ್ಲಿ ತಡೆ ಕಮ್ಮಿ, ಗುಂಡು ಲೆಕ್ಕಕ್ಕಿಂತ ಮೇಲೆ ಹೋಗುತ್ತೆ. ಒತ್ತಡ, ಉಷ್ಣತೆ ಎರಡನ್ನೂ ಕಂಪ್ಯೂಟರಿಗೆ ಸರಿಯಾಗಿ ಕೊಡಬೇಕು. ಇನ್ನು ಫಿರಂಗಿ ಮೇಲಕ್ಕೆ ಏಳೋ ಕೋನ: ಟಿ-72, ಟಿ-90ದು ಹದಿಮೂರು ಹದಿನಾಲ್ಕು ಡಿಗ್ರಿ. ಕಣಿವೆಯಲ್ಲಿ ನಿಂತು ತಲೆ ಮೇಲಿನ ದಿಬ್ಬಕ್ಕೆ ಹೊಡೆಯೋಕಾಗಲ್ಲ. ನಮ್ಮ ಹೊಸ ಹಗುರ ಟ್ಯಾಂಕ್ ಜೊರಾವರ್‌ಗೆ ಹಾಕಿರೋ 105 ಎಂಎಂ ಕಾಕರಿಲ್ ಟರೆಟ್ 42 ಡಿಗ್ರಿ ಏಳುತ್ತೆ. 25 ಟನ್ನಿಗೆ 760 ಅಶ್ವಶಕ್ತಿ, ಅಂದ್ರೆ ಟನ್ನಿಗೆ ಮೂವತ್ತು. ಚೀನಾದ ಹಗುರ ಟ್ಯಾಂಕ್ ಟೈಪ್-15 ಕೂಡ ಹೆಚ್ಚೂ ಕಮ್ಮಿ ಅದೇ ಅನುಪಾತ. 2024ರ ಡಿಸೆಂಬರಿನಲ್ಲಿ 4,200 ಮೀಟರಿಗೂ ಮೇಲೆ ಜೊರಾವರ್ ಗುಂಡು ಹಾರಿಸಿ ನೋಡಿದ್ದಾರೆ.

ಎತ್ತರಕ್ಕೆ ಹಗುರ ಟ್ಯಾಂಕ್ ಅನ್ನೋದು ಹೊಸ ಬುದ್ಧಿ ಅಲ್ಲ. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ, ಮೂರೂವರೆ ಸಾವಿರ ಮೀಟರಿಗೆ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹತ್ತಿದ್ವು. ಗುಟ್ಟು ಬಯಲಾಗದಿರಲಿ ಅಂತ ಟರೆಟ್ ಕಳಚಿ ಸಾಗಿಸಿದ್ರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ದಾರಿಯನ್ನ ಟ್ಯಾಂಕ್ ಹೋಗೋ ಹಾಗೆ ಅಗಲಿಸಿದ್ದು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್, ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿಯವರು. ಡಿವಿಷನ್ ಕಮಾಂಡರ್ ಕೊಡಗಿನ ತಿಮ್ಮಯ್ಯನವರು. ಟ್ಯಾಂಕಿನ ಕೀರ್ತಿ ಮಾತಾಡುವಾಗ ಆ ದಾರಿ ಕಡಿದವರ ಹೆಸರೂ ಬರಬೇಕು.

ಕೋರಮಂಗಲ_ಕ್ವಾಡ್:
ಎಂಇಜಿ ವಿಷಯ ಗೊತ್ತಿರಲಿಲ್ಲ, ತುಂಬಾ ಒಳ್ಳೇ ಮಾಹಿತಿ. ಆದ್ರೂ ದುಡ್ಡಿನ ಪ್ರಶ್ನೆ ಹಾಗೇ ಇದೆ. ಹೊಸ ಟ್ಯಾಂಕಿನ ಬದಲು ಇರೋದರ ಕಣ್ಣು, ಕಿವಿ ಸರಿಮಾಡಿದ್ರೆ ಹೆಚ್ಚು ಲಾಭ ಅಂತ ನನಗನ್ನಿಸುತ್ತೆ.

ಜಾಲಹಳ್ಳಿ_ಪೂರ್ವ:
ಆ ಕೆಲಸ ನಡೀತಿದೆ. ಟಿ-90ಯ ಕಮಾಂಡರಿಗೆ ಇದ್ದದ್ದು ಹಳೇ ಟ್ಯೂಬಿನ ರಾತ್ರಿ ದುರ್ಬೀನು. ಗನ್ನರ್ ಥರ್ಮಲ್‌ನಲ್ಲಿ ದೂರ ನೋಡ್ತಿದ್ದ, ಕಮಾಂಡರಿಗೆ ಅಷ್ಟು ಕಾಣ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ 957 ಟ್ಯಾಂಕಿಗೆ ಕಮಾಂಡರ್ ಥರ್ಮಲ್ ಸೈಟ್ ಹಾಕೋ 1,075 ಕೋಟಿ ರೂಪಾಯಿ ಗುತ್ತಿಗೆ ಬಿಇಎಲ್‌ಗೆ ಆಯ್ತು. ಹಗಲು ರಾತ್ರಿ ಎರಡರಲ್ಲೂ ಎಂಟು ಕಿಲೋಮೀಟರ್ ದೂರದ ಗುರಿ ಪತ್ತೆ, ಲೇಸರ್‌ನಲ್ಲಿ ಐದು ಕಿಲೋಮೀಟರ್ ವರೆಗೆ ಅಳತೆ. ಒಂದು ಟ್ಯಾಂಕಿಗೆ ಸುಮಾರು 1.12 ಕೋಟಿ. ಕಮಾಂಡರ್ ಗುರಿ ಹುಡುಕಿ ಗನ್ನರಿಗೆ ಒಪ್ಪಿಸಿ ಮುಂದಿನದನ್ನ ಹುಡುಕ್ತಾನೆ. ಮೊದಲು ಕಂಡವನೇ ಮೊದಲು ಹೊಡೆಯೋದು. ಹತ್ತು ಟನ್ ಹೆಚ್ಚುವರಿ ಕವಚಕ್ಕಿಂತ ಇದು ಮೇಲು.

ಸಿ.ವಿ.ರಾಮನ್_ನಗರ:
ಇದರ ಜೊತೆ ಸ್ವಾತಿ ರೇಡಾರ್. ನಮ್ಮ ಏರಿಯಾದ ಡಿಆರ್‌ಡಿಒ ಲ್ಯಾಬ್ ಎಲ್‌ಆರ್‌ಡಿಇ ವಿನ್ಯಾಸ, ಬಿಇಎಲ್ ತಯಾರಿ. ಶತ್ರು ಗುಂಡು ಮೇಲೇರುವಾಗಲೇ ಹಿಡಿದು, ದಾರಿಯನ್ನ ಹಿಂದಕ್ಕೆ ಲೆಕ್ಕ ಹಾಕಿ ಫಿರಂಗಿ ಇರೋ ಜಾಗ ಹೇಳುತ್ತೆ: ಮಾರ್ಟರ್ 20 ಕಿಲೋಮೀಟರ್ ವರೆಗೆ, ಫಿರಂಗಿ 30, ರಾಕೆಟ್ 40. ಅರ್ಮೇನಿಯಾ ಕೂಡ ತಗೊಂಡಿದೆ. ಬೆಟ್ಟದ ಮರೆಯಲ್ಲಿ ಕೆಳಮಟ್ಟದಲ್ಲಿ ಬರೋ ಗುಂಡು ತಡವಾಗಿ ಕಾಣುತ್ತೆ, ಅದಕ್ಕೆ ರೇಡಾರ್ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಅರ್ಧ ಕೆಲಸ. ಅದೂ ಹೆಚ್ಚು ಹೊತ್ತು ಒಂದೇ ಕಡೆ ನಿಂತು ಅಲೆ ಬಿಟ್ರೆ ಅದನ್ನೇ ಹುಡುಕ್ಕೊಂಡು ಡ್ರೋನ್ ಬರುತ್ತೆ.

ಪೀಣ್ಯ_ಎರಡನೇ_ಹಂತ:
ಬಿಎಂಪಿ ಥರದ ಸಣ್ಣ ವಾಹನಗಳ 30 ಎಂಎಂ ಗನ್ ಟ್ಯಾಂಕಿಗೆ ಏನೂ ಮಾಡಲ್ಲ ಅಲ್ವಾ?

ಬಿಟಿಎಂ_ಬ್ಯಾಲಿಸ್ಟಿಕ್:
ಮುಂದಿನ ಕವಚ ತೂರಲ್ಲ. ಆದ್ರೆ 2024ರ ಜನವರಿಯಲ್ಲಿ ಉಕ್ರೇನಿನ ಸ್ಟೆಪೋವೆ ಹಳ್ಳಿಯಲ್ಲಿ ಎರಡು ಬ್ರಾಡ್ಲಿ ಸೇರಿ 25 ಎಂಎಂ ಗನ್ನಿನಿಂದ ಟಿ-90ಎಂ ಒಂದನ್ನ ಕೆಡಿಸಿದ್ವು. ಒಂದರ ಹಿಂದೆ ಒಂದು ಗುಂಡು ಬಿದ್ದು ಗಾಜು, ಸೈಟು, ಹೊರಗಿನ ಉಪಕರಣ ಎಲ್ಲ ಪುಡಿ. ಟರೆಟ್ ತಾನಾಗಿ ಸುತ್ತೋಕೆ ಶುರುವಾಯ್ತು, ಸಿಬ್ಬಂದಿ ಬಿಟ್ಟು ಹೋದ್ರು. ನೂರು ಮೀಟರಿನ ಆಸುಪಾಸಿನಲ್ಲಿ ಕುರುಡಾದ ಟ್ಯಾಂಕ್ ಏನು ಮಾಡುತ್ತೆ?

ರಾಜಾಜಿನಗರ_ರಾಕೆಟ್:
ಎಲ್ಲರಿಗೂ ಧನ್ಯವಾದ. ಒಂದು ಉಳಿದಿದೆ. ಲಡಾಖಲ್ಲಿ ಮೈನಸ್ 30ರ ರಾತ್ರಿ ಎಂಜಿನ್ ಹೇಗೆ ಸ್ಟಾರ್ಟ್ ಮಾಡ್ತಾರೆ? ಬ್ಯಾಟರಿ ಸತ್ತಿರುತ್ತಲ್ಲ?

ಹಲಸೂರು_ಕೆರೆ_ದಂಡೆ:
ಟಿ-72, ಟಿ-90ಗಳಲ್ಲಿ ಎರಡು ದಾರಿ ಇದೆ: ವಿದ್ಯುತ್ ಸ್ಟಾರ್ಟರ್, ಜೊತೆಗೆ ಸಿಲಿಂಡರಿನಲ್ಲಿ ತುಂಬಿಟ್ಟ ಒತ್ತಡದ ಗಾಳಿ. ಮೊದಲು ಡೀಸೆಲ್ ಉರಿಸೋ ಹೀಟರ್ ಹಚ್ಚಿ ಕೂಲಂಟ್, ಎಣ್ಣೆ ಬಿಸಿ ಮಾಡಬೇಕು. ಎಣ್ಣೆ ಗಟ್ಟಿಯಿದ್ದಾಗಲೇ ಗಾಳಿ ಬಿಟ್ಟು ತಿರುಗಿಸಿದ್ರೆ ಬೇರಿಂಗಿಗೆ ಎಣ್ಣೆ ತಲುಪೋ ಮುಂಚೆ ಸವೆತ ಶುರು. ಎಣ್ಣೆಯ ಒತ್ತಡ ಮಾಪಕದಲ್ಲಿ ಏರಿದ ಮೇಲೆ ಮಾತ್ರ ಸ್ಟಾರ್ಟ್. ಬ್ಯಾಟರಿ ಪೂರ್ತಿ ತಣ್ಣಗಾಗೋಕೆ ಬಿಡಬಾರದು ಅಂತ ರಾತ್ರಿಯೆಲ್ಲ ಆಗಾಗ ಎಂಜಿನ್ ಓಡಿಸ್ತಾರೆ. ಅದಕ್ಕೆ ಸುಡೋ ಡೀಸೆಲ್ಲನ್ನ ಲೇಹ್‌ಗೆ ಬೇಸಿಗೆಯಲ್ಲೇ ಏರಿಸಿಡಬೇಕು.